ರೋಮನ್ ನಾಣ್ಯ ಇದೆ, ಎಷ್ಟು ಲಕ್ಷ ಬರುತ್ತದೆ?

ಪ್ರಶ್ನೆ: ನನ್ನ ಬಳಿ ರೋಮನ್ ನಾಣ್ಯವೊಂದಿದೆ. ಸಾವಿರಾರು ವರ್ಷ ಹಳೆಯದಂತೆ. ಯಾರ ಕಾಲದ್ದೆಂದು ತಿಳಿಯುವುದು ಹೇಗೆ? ಎಷ್ಟು ಲಕ್ಷ ಬಾಳುತ್ತದೆ?

ಉತ್ತರ: ಮೊದಲು ಆ 'ಲಕ್ಷ'ವನ್ನು ಪಕ್ಕಕ್ಕಿಡಿ. ಹಳೆಯದಾದಷ್ಟೂ ಬೆಲೆ ಜಾಸ್ತಿ ಎನ್ನುವ ನಂಬಿಕೆಯನ್ನು ಎಷ್ಟು ಸಲ ಅಳಿಸಿದರೂ ಮತ್ತೆ ಮೂಡುತ್ತದೆ. ನಾಣ್ಯದ ವಯಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಎಷ್ಟು ಸವೆದಿದೆ, ಇಷ್ಟೇ ಲೆಕ್ಕ. ಉಳಿದಿರುವುದಂತೂ ರಾಶಿ ರಾಶಿ. ಇಂಗ್ಲೆಂಡಿನ ಫ್ರೋಮ್ ಬಳಿ 2010ರಲ್ಲಿ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು. ಸ್ಪೇನಿನ ಸೆವಿಲ್ ಹತ್ತಿರ 2016ರಲ್ಲಿ 19 ಹೂಜಿ ತುಂಬ ಸುಮಾರು 600 ಕಿಲೊ ಕಂಚಿನ ನಾಣ್ಯ! ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ, ಇಬ್ಬರು ಸೈನಿಕರ ಚಿತ್ರವಿರುವ ಸವೆದ ಕಂಚಿನ ಬಿಲ್ಲೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೆ 1,700 ವರ್ಷ. ನಮ್ಮದೇ 1939ರ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗೆ ನೂರು ವರ್ಷವೂ ಆಗಿಲ್ಲ, ಆದರೂ ಅಪರೂಪವಾದ್ದರಿಂದ ಬೆಲೆಯಲ್ಲಿ ಆ ಕಂಚಿನ ಬಿಲ್ಲೆಯನ್ನು ಎಲ್ಲೋ ಹಿಂದೆ ಹಾಕುತ್ತದೆ. ಅಪರೂಪವಾದರೆ ಸಾಕು ಎಂದೂ ಅಲ್ಲ. ಚಕ್ರವರ್ತಿ ಟೈಬೀರಿಯಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು ಬೇಕಾದಷ್ಟಿವೆ. ಆದರೂ ಬೈಬಲ್ಲಿನಲ್ಲಿ ಯೇಸು ತೋರಿಸಿ ಕೇಳಿದ ತೆರಿಗೆ ನಾಣ್ಯ ಇದೇ ಎನ್ನುವ ಕಾರಣಕ್ಕೆ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಗುರುತಿಸುವುದಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿ, ಅಡ್ಡಳತೆ ನೋಡಲು ವರ್ನಿಯರ್ ಅಳತೆಗೋಲು, ಭೂತಗನ್ನಡಿ ಸಾಕು. ಮೇಲೆ ಹೇಳಿದ ದಿನಾರಿಯಸ್ ಸುಮಾರು 3.5ರಿಂದ 3.8 ಗ್ರಾಂ, ಅಡ್ಡಳತೆ 18–19 ಮಿ.ಮೀ. ತೀರಾ ಹಗುರವಿದ್ದರೆ ಒಳಗೆ ತಾಮ್ರ, ಮೇಲೆ ಬೆಳ್ಳಿಯ ಹೊದಿಕೆ ಇರಬಹುದು. ಅಂಚಿನಲ್ಲಿ ಸುತ್ತ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಕಂಡರೆ ಎರಕದ ನಕಲಿ. ಅಸಲಿಯನ್ನು ಅಚ್ಚಿನಿಂದ ಹೊಡೆದಿರುತ್ತಾರೆ. ಅಕ್ಷರಗಳನ್ನು ಸಾಮಾನ್ಯವಾಗಿ ಕೆಳಗೆ ಎಡದಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಓದಬೇಕು. 'ಯು' ಇರಬೇಕಾದಲ್ಲಿ 'ವಿ' ಇರುತ್ತದೆ. 'ಆಗಸ್ಟಸ್' ಎಂಬುದರ ಕಿರುರೂಪ 'ಎವಿಜಿ' (AVG) ಕಂಡೊಡನೆ ಆಗಸ್ಟಸ್ ಸೀಸರನ ನಾಣ್ಯ ಎಂದು ಕುಣಿಯಬೇಡಿ. ಅದು ಮುಂದಿನ ಚಕ್ರವರ್ತಿಗಳೆಲ್ಲ ಹೊತ್ತ ಬಿರುದು. ಹೆಸರು ಸಾಮಾನ್ಯವಾಗಿ ಅದಕ್ಕಿಂತ ಮೊದಲು ಇರುತ್ತದೆ. ಅಕ್ಷರ ಅಳಿಸಿದ್ದರೆ ತಲೆ ನೋಡಿ: ಬೆಳ್ಳಿ ನಾಣ್ಯದಲ್ಲಿ ಚಕ್ರವರ್ತಿಗೆ ಸೂರ್ಯಕಿರಣದಂಥ ಮೊನೆಗಳ ಕಿರೀಟವಿದ್ದರೆ ಕ್ರಿ.ಶ. 215 ಅಥವಾ ಅನಂತರದ್ದು. ಮುತ್ತಿನ ಪಟ್ಟಿಯಿದ್ದರೆ ಕಾನ್‌ಸ್ಟಂಟೈನ್ ಅಥವಾ ಅವನ ನಂತರದವರು.

ಹುಣಸೆಹುಳಿ, ನಿಂಬೆರಸ ಹಾಕಿ ಉಜ್ಜಲೇಬೇಡಿ. ಕಂಚಿನ ಮೇಲಿನ ಹಸಿರು ಪದರದ ಜೊತೆ ಅರ್ಧ ಬೆಲೆಯೂ ತೊಳೆದುಹೋಗುತ್ತದೆ. ನೆಲದಲ್ಲಿ ಸಿಕ್ಕಿದ್ದಾದರೆ ಬೆಲೆಯ ಮಾತೇ ಬೇಡ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಇದೇ ಟೈಬೀರಿಯಸ್‌ನ ನಾಣ್ಯ ಸಿಕ್ಕಿರುವುದರಿಂದ ಇದು ಬರೀ ದೂರದ ಮಾತಲ್ಲ.

ಯಾರೂ ಕೇಳದ್ದು ಇನ್ನೊಂದಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಅನೇಕವುಗಳ ಮೇಲೆ ಚಕ್ರವರ್ತಿಯ ಮುಖಕ್ಕೇ ಉಳಿಯ ಏಟು ಬಿದ್ದಿದೆ. ಪುದುಕ್ಕೋಟ್ಟೈಯಲ್ಲಿ 1898ರಲ್ಲಿ ಸಿಕ್ಕ 501ರಲ್ಲಿ ಬಹುಪಾಲು ಹೀಗೇ. ಒಳಗೆ ಬೇರೆ ಲೋಹ ಇದೆಯೇ ಎಂದು ನೋಡಲು ಎನ್ನುತ್ತಾರೆ ಕೆಲವರು. ಹಾಗಾದರೆ ಅಂಚಿನಲ್ಲಿ ಒಂದು ಕಚ್ಚು ಹಾಕಿದ್ದರೆ ಸಾಲುತ್ತಿತ್ತು. ನಾಣ್ಯವಾಗಿ ಚಲಾವಣೆ ನಿಲ್ಲಿಸಿ ಬರೀ ಚಿನ್ನವಾಗಿ ತೂಗಿ ಕೊಡಲಿಕ್ಕೆ ಎಂಬ ಇನ್ನೊಂದು ವಾದವೇ ಹೆಚ್ಚು ಒಪ್ಪುವಂತಿದೆ. ಗೀರು ಬಿದ್ದದ್ದಕ್ಕೆ ಸಂಗ್ರಾಹಕರು ಕಡಿಮೆ ಕೊಡಬಹುದು, ಆದರೆ ಅದು ಈ ಕಡೆಗೆ ಬಂದ ನಾಣ್ಯ ಎನ್ನಲು ಆ ಗೀರೇ ಒಳ್ಳೆಯ ಸುಳಿವು.