ಇಷ್ಟು ಬಿಸಿಲಿದ್ದರೂ ವಿಜಯಪುರ ಮರುಭೂಮಿ ಏಕಲ್ಲ?

ಪ್ರಶ್ನೆ: "ಸರ, ನಮ್ಮಲ್ಲಿ ಬ್ಯಾಸಗ್ಯಾಗ 42 ಡಿಗ್ರಿ ಬಿಸಿಲು, ಮಳಿ ನೋಡಿದ್ರ ಕಡಿಮಿ. ಮತ್ತ ಜಗತ್ತಿನ ವಾಯುಗುಣದ ನಕಾಶದಾಗ ನಮ್ಮ ಜಿಲ್ಲಾ ಮರುಭೂಮಿ ಅಂತ ಯಾಕ ತೋರಿಸಿಲ್ಲ?"

ಉತ್ತರ: ಯುಗಾದಿ ಮುಗಿದು ಬಿಸಿಲು ಏರತೊಡಗಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಭೂಗೋಳ ಪಾಠ ಮಾಡಿದ ಅಷ್ಟೂ ವರ್ಷ ಇದಕ್ಕೆ ಉತ್ತರ ಹೇಳಿದ್ದೇನೆ, ಈಗಲೂ ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಗಳು ನಿಲ್ಲಿಸಿ ಇದನ್ನೇ ಕೇಳುತ್ತಾರೆ. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ. ಬಿಸಿಲು ಹೆಚ್ಚಿದಷ್ಟೂ ಊರು ಮರುಭೂಮಿಗೆ ಹತ್ತಿರವಾಗುತ್ತದೆ ಎಂಬ ನಂಬಿಕೆ ಈ ಪ್ರಶ್ನೆಯ ಒಳಗೇ ಕುಳಿತಿದೆ. ಅದನ್ನು ಬೇರುಸಹಿತ ಕೀಳದೆ ಯಾವ ಉತ್ತರ ಕೊಟ್ಟರೂ ಅದು ನಿಲ್ಲುವುದಿಲ್ಲ.

ಮೊದಲು ವರ್ಗೀಕರಣದ ಮಾತು. ನಕಾಶೆಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ವ್ಲಾದಿಮಿರ್ ಕೊಪ್ಪೆನ್ ರೂಪಿಸಿದ ಪದ್ಧತಿ. 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕೊಪ್ಪೆನ್ ಓದಿದ್ದು ಸಸ್ಯಶಾಸ್ತ್ರ. ಪೀಟರ್ಸ್‌ಬರ್ಗ್‌ನಿಂದ ಕ್ರಿಮಿಯಾದ ಮನೆಗೆ ಹೋಗಿಬರುವಾಗ ದಾರಿಯುದ್ದಕ್ಕೂ ಗಿಡಮರಗಳು ಬದಲಾಗುವುದನ್ನು ಕಂಡ ಆತನಿಗೆ, ಒಂದು ನೆಲದ ವಾಯುಗುಣವನ್ನು ಅಲ್ಲಿ ತಾನಾಗಿ ಬೆಳೆಯುವ ಸಸ್ಯಗಳೇ ಹೇಳುತ್ತವೆ ಎಂಬುದು ಹೊಳೆಯಿತು. 1900ರಲ್ಲಿ ಮಂಡಿಸಿದ ವರ್ಗೀಕರಣವನ್ನು ಅವರು 1918ರಲ್ಲಿಯೂ 1936ರಲ್ಲಿಯೂ ತಿದ್ದಿದರು. ಅವರ ನಂತರ ಜರ್ಮನಿಯ ಹವಾಮಾನ ವಿಜ್ಞಾನಿ ರುಡಾಲ್ಫ್ ಗೈಗರ್ ಪರಿಷ್ಕರಿಸಿದರು. ಇದರಲ್ಲಿ ಮುಖ್ಯ ಗುಂಪುಗಳು ಐದು. ಅತಿ ತಂಪಾದ ತಿಂಗಳಿನ ಸರಾಸರಿಯೂ 18 ಡಿಗ್ರಿಗಿಂತ ಕೆಳಗಿಳಿಯದ ಉಷ್ಣವಲಯ 'ಎ'. ಆ ಸರಾಸರಿ 18 ಡಿಗ್ರಿಯಿಂದ ಸೊನ್ನೆಗಿಂತ 3 ಡಿಗ್ರಿ ಕೆಳಗಿನವರೆಗೆ ಇದ್ದರೆ ಸಮಶೀತೋಷ್ಣದ 'ಸಿ', ಅದಕ್ಕಿಂತಲೂ ಇಳಿದರೆ 'ಡಿ'. ಅತಿ ಬೆಚ್ಚನೆಯ ತಿಂಗಳೂ 10 ಡಿಗ್ರಿ ಮುಟ್ಟದ ಧ್ರುವಪ್ರದೇಶ 'ಇ'. ಉಳಿದದ್ದು ಒಣ ನಾಡುಗಳ 'ಬಿ'. ನಾಲ್ಕು ಗುಂಪುಗಳನ್ನು ಉಷ್ಣತೆಯಿಂದ ಗುರುತಿಸಿದರೆ, ಈ 'ಬಿ' ಒಂದನ್ನು ಮಾತ್ರ ನೀರಿನ ಲೆಕ್ಕದಿಂದ ಗುರುತಿಸಲಾಗುತ್ತದೆ, ಮತ್ತು ಎ, ಸಿ, ಡಿ ಯಾವುದೆಂದು ನೋಡುವುದಕ್ಕೆ ಮೊದಲೇ ಈ ಲೆಕ್ಕ ಮುಗಿದಿರಬೇಕು. ನಮ್ಮ ಪ್ರಶ್ನೆಯ ಕೀಲಿ ಇಲ್ಲಿದೆ.

ಈಗ ಆ ನಂಬಿಕೆಗೆ ಬರೋಣ. ನಾಗಪುರದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ದಾಟುವುದು ಅಪರೂಪವಲ್ಲ. ವಿಜಯಪುರಕ್ಕಿಂತ ಅದು ಸುಡುವ ಊರು. ಆದರೆ ಅಲ್ಲಿ ವರ್ಷಕ್ಕೆ 1000 ಮಿ.ಮೀ.ಗೂ ಹೆಚ್ಚು ಮಳೆಯಾಗುವುದರಿಂದ ಅದು 'ಬಿ' ಗುಂಪಿಗೇ ಸೇರುವುದಿಲ್ಲ, ಸವನ್ನಾ, ಎಂದರೆ ಅಲ್ಲಲ್ಲಿ ಮರಗಳಿರುವ ಉಷ್ಣವಲಯದ ಹುಲ್ಲುಗಾವಲಿನ ಬಗೆಯ 'ಎ' ಎನಿಸಿಕೊಳ್ಳುತ್ತದೆ. ಇನ್ನು ಚಳಿಗಾಲದಲ್ಲಿ ನೀರೆಲ್ಲ ಹೆಪ್ಪುಗಟ್ಟುವ ಲೇಹ್ ಅನ್ನು ನೋಡಿ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಮಿ.ಮೀ. ಬೀಳುವ ಆ ಊರು ಅಪ್ಪಟ ಮರುಭೂಮಿ. ಸುಡುವ ಊರು ಮರುಭೂಮಿಯಲ್ಲ, ನಡುಗಿಸುವ ಊರು ಮರುಭೂಮಿ. ಇಷ್ಟಾದ ಮೇಲೂ ಬಿಸಿಲೇ ಅಳತೆಗೋಲು ಎಂದು ಹೇಗೆ ಹೇಳುವುದು?

ಇಲ್ಲಿಗೆ ಬಂದ ಕೂಡಲೇ ಕೆಲವರು, "ಹಾಗಾದರೆ ಮಳೆ ಎಷ್ಟೆಂದು ನೋಡಿದರೆ ಮುಗಿಯಿತಲ್ಲ" ಎನ್ನುತ್ತಾರೆ. ಅದೂ ಸಾಲದು. ಲಂಡನ್ ನಗರದ ವಾರ್ಷಿಕ ಮಳೆ ಸುಮಾರು 600 ಮಿ.ಮೀ., ವಿಜಯಪುರದ್ದೂ ಹೆಚ್ಚುಕಡಿಮೆ ಅಷ್ಟೇ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ನಂಬದೆ ಅಟ್ಲಾಸ್ ತೆಗೆದು ನೋಡುತ್ತಿದ್ದರು, ಅವರು ಹಾಗೆ ತೆಗೆದು ನೋಡುವುದೇ ನನಗೆ ಹೆಮ್ಮೆಯ ವಿಷಯವಾಗಿತ್ತು. ಅಷ್ಟೇ ಮಳೆಗೆ ಅಲ್ಲಿ ಹುಲ್ಲು ವರ್ಷವಿಡೀ ಹಸಿರಾಗಿರುತ್ತದೆ, ಇಲ್ಲಿ ಮಾರ್ಚ್ ಹೊತ್ತಿಗೆ ಬದುವಿನ ಕಸವೂ ಒಣಗಿರುತ್ತದೆ. ಬಿದ್ದ ನೀರಿನಲ್ಲಿ ಎಷ್ಟನ್ನು ಬಿಸಿಲು ಹೀರಿಕೊಳ್ಳುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಆದುದರಿಂದ ಕೊಪ್ಪೆನ್ ಪದ್ಧತಿ ಮಳೆಯನ್ನು ಜಮಾ ಎಂದೂ ಉಷ್ಣತೆಯನ್ನು ಖರ್ಚು ಎಂದೂ ಹಿಡಿದು ಲೆಕ್ಕ ಹಾಕುತ್ತದೆ.

ಆ ಲೆಕ್ಕ ಏಳನೆಯ ತರಗತಿಯ ಹುಡುಗಿಯೂ ಮಾಡಬಹುದಾದಷ್ಟು ಸುಲಭ. ವರ್ಷದ ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ ನೂರಕ್ಕೆ 70 ಭಾಗ ಮಳೆ ಬೀಳುವ ಊರಾದರೆ ಅದಕ್ಕೆ 280 ಕೂಡಿಸಿ, ಏಕೆಂದರೆ ಸೆಕೆಯ ದಿನಗಳ ಮಳೆ ಬೇಗ ಆವಿಯಾಗುತ್ತದೆ. ಮಳೆ ವರ್ಷವಿಡೀ ಹರಡಿಕೊಂಡಿದ್ದರೆ 140 ಕೂಡಿಸಿ. ಚಳಿಗಾಲದ ಆರು ತಿಂಗಳಲ್ಲೇ ಅಷ್ಟು ಭಾಗ ಬಿದ್ದರೆ ಏನನ್ನೂ ಕೂಡಿಸಬೇಡಿ. ವರ್ಷದ ಮಳೆ ಮಿ.ಮೀ. ಲೆಕ್ಕದಲ್ಲಿ ಈ ಸಂಖ್ಯೆಗಿಂತ ಕಡಿಮೆಯಿದ್ದರೆ ಊರು 'ಬಿ' ಗುಂಪಿನದು. ಅರ್ಧಕ್ಕಿಂತಲೂ ಕಡಿಮೆಯಿದ್ದರೆ ಮಾತ್ರ ಮರುಭೂಮಿ. ವಿಜಯಪುರದ ಸರಾಸರಿ ಸುಮಾರು 27 ಡಿಗ್ರಿ, ಆದ್ದರಿಂದ 540ಕ್ಕೆ 280 ಕೂಡಿ 820. ನಮ್ಮ 600 ಅದಕ್ಕಿಂತ ಕಡಿಮೆ, ಆದರೆ ಅದರ ಅರ್ಧವಾದ 410ಕ್ಕಿಂತ ಸಾಕಷ್ಟು ಹೆಚ್ಚು. ಹಾಗಾಗಿ ನಮ್ಮದು ಬಿಎಸ್‌ಎಚ್, ಎಂದರೆ ಉಷ್ಣ ಅರೆಶುಷ್ಕ ವಾಯುಗುಣ, ಬಾಗಲಕೋಟೆಯದೂ ಇದೇ. ವರ್ಷಕ್ಕೆ 200 ಮಿ.ಮೀ. ಮಳೆಯನ್ನೂ ಕಾಣದ ಜೈಸಲ್ಮೇರ್ ಅರ್ಧದ ಗೆರೆಯ ಎಷ್ಟೋ ಕೆಳಗಿದೆ. ಲಂಡನ್‌ಗೆ 11 ಡಿಗ್ರಿ ಹಿಡಿದರೆ ಗೆರೆ ಬರುವುದು 360ಕ್ಕೆ. ಅಲ್ಲಿ 600 ಎಂದರೆ ಧಾರಾಳ. 1972ರಂತಹ ಬರದ ವರ್ಷವನ್ನು ಒಂದನ್ನೇ ಹಿಡಿದು ಈ ಲೆಕ್ಕ ಮಾಡಬಾರದು, ಮೂವತ್ತು ವರ್ಷಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು.

ಬೆಳಗಾವಿ ತಂಪಾಗಿರುವುದರಿಂದ ಅದು ಸಮಶೀತೋಷ್ಣ ಎನ್ನುವವರಿಗೂ ಇಲ್ಲಿಯೇ ಉತ್ತರವಿದೆ. ಅಲ್ಲಿಯ ಮಳೆ 1200 ಮಿ.ಮೀ. ಮೀರುತ್ತದೆ, ಡಿಸೆಂಬರ್ ತಿಂಗಳ ಸರಾಸರಿಯೂ 18 ಡಿಗ್ರಿಗಿಂತ ಮೇಲಿರುತ್ತದೆ. ಸ್ವೆಟರ್ ಹಾಕಿಕೊಂಡರೂ ಅದು ಉಷ್ಣವಲಯದ ಊರೇ.

ಇದರ ಜೊತೆಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಆಲಮಟ್ಟಿಯ ಕಾಲುವೆಗಳಿಂದ ನೆಲ ಹಸಿರಾದ ಮೇಲೆ ನಮ್ಮ ವಾಯುಗುಣದ ಗುಂಪೂ ಬದಲಾಗಬೇಕಲ್ಲವೇ? ಇಲ್ಲ. ಕಾಲುವೆಯಲ್ಲಿ ಹರಿಯುವ ಕೃಷ್ಣೆಯ ನೀರು ಬಹುಪಾಲು ಮಹಾಬಳೇಶ್ವರದ ಕಡೆಯ ಸಹ್ಯಾದ್ರಿಯಲ್ಲಿ ಬಿದ್ದ ಮಳೆ. ಕೊಪ್ಪೆನ್ ಲೆಕ್ಕದಲ್ಲಿ ನಮ್ಮ ನೆಲದ ಮೇಲೆ ಬಿದ್ದ ಮಳೆಯಷ್ಟೇ ಜಮಾ ಆಗುತ್ತದೆ. ಹಾಗೆಯೇ ಈ ಪದ್ಧತಿಗೆ ಮಣ್ಣಿನ ಗುಣವೂ ತಿಳಿಯದು, ಮತ್ತು ನಮ್ಮ ಪಾಲಿಗೆ ಅದು ದೊಡ್ಡ ಕೊರತೆ. ಎರಿ ಹೊಲ, ಎಂದರೆ ಕಪ್ಪು ಮಣ್ಣಿನ ಹೊಲ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯನ್ನು ಒಳಗೆ ಹಿಡಿದಿಟ್ಟುಕೊಂಡು, ಮತ್ತೆ ಹನಿ ಬೀಳದಿದ್ದರೂ ಹಿಂಗಾರಿ ಬಿಳಿಜೋಳವನ್ನು ತೆನೆಗಟ್ಟಿಸುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಡೋಣಿ ಹೊಳೆಯ ದಂಡೆಯ ಅಂತಹ ಎರಿಯಲ್ಲೇ. ಅದೇ 600 ಮಿ.ಮೀ. ಮಳೆ ಮಸಾರಿ, ಎಂದರೆ ಕೆಂಪು ಮಣ್ಣಿನ ನೆಲದ ಮೇಲೆ ಬಿದ್ದರೆ ಈ ಬೆಳೆ ಬರುವುದಿಲ್ಲ, ಆದರೆ ನಕಾಶೆಯಲ್ಲಿ ಎರಡಕ್ಕೂ ಒಂದೇ ಬಣ್ಣ.

ಮಣ್ಣು, ಕಾಲುವೆ ಏನೇ ಇರಲಿ, ಗಾಳಿ ಮಾತ್ರ ಇನ್ನೂ ಬಿಎಸ್‌ಎಚ್ ಗಾಳಿಯೇ. ಅದನ್ನು ಕಣ್ಣಾರೆ ನೋಡಬೇಕೆನ್ನುವವರು ಮಾರ್ಚ್ ತಿಂಗಳಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ಶೆಡ್ಡುಗಳಿಗೆ ಹೋಗಲಿ. ಬಲೆಯ ಮೇಲೆ ಹರಡಿದ ಹಸಿ ದ್ರಾಕ್ಷಿ, ನೇರ ಬಿಸಿಲು ತಾಗದ ನೆರಳಿನಲ್ಲಿ, ಬರೀ ಗಾಳಿಗೇ ಕೆಲವು ದಿನಗಳಲ್ಲಿ ಒಣದ್ರಾಕ್ಷಿಯಾಗಿರುತ್ತದೆ.