ಲಕ್ಷ್ಮಣ ಝೂಲಾ ಮೇಲೆ ಈಗ ನಡೆಯಬಹುದಾ?

ಓದುಗರ ಪ್ರಶ್ನೆ: ಅಮ್ಮನನ್ನು ಕರೆದುಕೊಂಡು ಋಷಿಕೇಶಕ್ಕೆ ಹೊರಟಿದ್ದೇವೆ. ಲಕ್ಷ್ಮಣ ಝೂಲಾ ಮೇಲೆ ನಡೆದು ಗಂಗೆ ದಾಟಬೇಕು ಅನ್ನೋದು ಅವರ ಬಹಳ ದಿನದ ಆಸೆ. ಅದನ್ನು ಮುಚ್ಚಿದ್ದಾರಂತೆ, ನಿಜವಾ?

ನಿಜ. ಹಳೇ ಝೂಲಾ ಮೇಲೆ ಕಾಲಿಡೋ ಹಾಗಿಲ್ಲ. ಗೋಪುರಗಳು ಒಂದು ಕಡೆ ವಾಲಿವೆ, ಹಲವು ಭಾಗಗಳು ಬಲ ಕಳೆದುಕೊಂಡಿವೆ ಎಂದು ತಜ್ಞರು ಹೇಳಿದ ಮೇಲೆ 2019ರ ಜುಲೈನಲ್ಲಿ ಸರ್ಕಾರ ಮುಚ್ಚಲು ಆದೇಶಿಸಿತು. ಸ್ವಲ್ಪ ಕಾಲ ಜನ ಓಡಾಡುತ್ತಲೇ ಇದ್ದರು, ಆಮೇಲೆ ಅದಕ್ಕೂ ತಡೆ ಬಿತ್ತು. ಪಕ್ಕದಲ್ಲೇ ಗಾಜಿನ ನಡೆದಾರಿ ಇರುವ ಬಜರಂಗ ಸೇತು ಕಟ್ಟಲು ಕೈಹಾಕಿದರು. ಅದರ ಮೇಲೆ ಜನರನ್ನು ಬಿಡುತ್ತಿದ್ದಾರಾ ಅಂತ ನೀವು ಉಳಿದುಕೊಳ್ಳುವ ಜಾಗದಲ್ಲಿ ಒಂದು ಮಾತು ಕೇಳಿಕೊಂಡೇ ಹೊರಡಿ.

ಹಾಗಂತ ಲಕ್ಷ್ಮಣ ಝೂಲಾ ಕಡೆ ಹೋಗದೆ ಬರಬೇಡಿ. ಲಕ್ಷ್ಮಣ ಇಲ್ಲಿ ಸೆಣಬಿನ ಹಗ್ಗದ ಮೇಲೆ ನದಿ ದಾಟಿದ ಅನ್ನೋದು ಸ್ಥಳಪುರಾಣ. ಹಗ್ಗದ ಮಾತು ಬರೀ ಕಥೆಯಲ್ಲ. ಹಿಂದೆ ಯಾತ್ರಿಕರು ಹಗ್ಗಕ್ಕೆ ತೂಗುಬಿಟ್ಟ ಬುಟ್ಟಿಯಲ್ಲಿ ಕೂರುತ್ತಿದ್ದರು, ಆಚೆ ದಡದವರು ಎಳೆದುಕೊಳ್ಳುತ್ತಿದ್ದರು. ಕೆಳಗೆ ಭೋರ್ಗರೆಯುವ ಗಂಗೆ! 1889ರಲ್ಲಿ ಸೂರಜ್‌ಮಲ್ ಝುಂಝುನ್‌ವಾಲಾ ಎಂಬ ದಾನಿ 284 ಅಡಿಯ ಕಬ್ಬಿಣದ ತೂಗುಸೇತುವೆ ಮಾಡಿಸಿಕೊಟ್ಟರು. 1924ರ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಯಿತು. ಈಗ ಕಾಣುವುದು 1927ರಿಂದ 1929ರ ನಡುವೆ ಕಟ್ಟಿ, 1930ರ ಏಪ್ರಿಲ್ 11ರಂದು ತೆರೆದದ್ದು. ಉದ್ದ 450 ಅಡಿ, ಅಗಲ ಬರೀ 6 ಅಡಿ. ಅಷ್ಟರಲ್ಲೇ ಯಾತ್ರಿಕರು, ಸ್ಕೂಟರು, ಕೋತಿ, ದನ ಎಲ್ಲ ಎದುರುಬದುರಾಗುತ್ತಿದ್ದವು.

ಸೇತುವೆ ಬಳಿಯ ಫಲಕದಲ್ಲಿ ಇದು ಆ ಪ್ರಾಂತ್ಯದಲ್ಲಿ 'ಜೀಪು ಹೋಗಬಲ್ಲ' ಮೊದಲ ತೂಗುಸೇತುವೆ ಅಂತ ಬರೆದಿತ್ತು. 1930ರಲ್ಲಿ ಜೀಪು ಎಲ್ಲಿತ್ತು? ಫಲಕ ಆಮೇಲೆ ಹಾಕಿದ್ದೇ ಇರಬೇಕು, ಅಲ್ವಾ?

ನೋಡಲು ತಪೋವನದ ಕಡೆಯ ದಡ ಒಳ್ಳೆಯದು. ಲಕ್ಷ್ಮಣನ ಹಳೇ ಗುಡಿ ಇರುವುದೂ ಇದೇ ದಡದಲ್ಲಿ. ಎದುರಿಗೆ ಅಂತಸ್ತಿನ ಮೇಲೆ ಅಂತಸ್ತು ಏರಿದ ತೇರಾ ಮಂಜಿಲ್ ದೇವಸ್ಥಾನ ಕಾಣುತ್ತದೆ. ಬೆಳಿಗ್ಗೆ ಬೇಗ ಹೋದರೆ ಗದ್ದಲ ಕಡಿಮೆ.

ಇನ್ನು ತೂಗುವ ಸೇತುವೆ ಮೇಲೆ ನಡೆಯೋ ಆಸೆ. ಅದಕ್ಕೆ ಸುಮಾರು 2 ಕಿಲೋಮೀಟರ್ ಕೆಳಗೆ ರಾಮ ಝೂಲಾ ಇದೆ. 1986ರದ್ದು, ಲಕ್ಷ್ಮಣ ಝೂಲಾಗಿಂತ ಉದ್ದ. ಮುನಿ ಕಿ ರೇತಿಯಿಂದ ಸ್ವರ್ಗಾಶ್ರಮಕ್ಕೆ ದಾಟಿಸುತ್ತದೆ. ನಡುವೆ ಹೋಗುತ್ತಿದ್ದಂತೆ ಪಾದದಡಿ ಸಣ್ಣಗೆ ಅಲುಗಾಡಿದ್ದು ಗೊತ್ತಾಗುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿಯಾದಾರು. ತೂಗುಸೇತುವೆಯ ಹಲಗೆ ಕಂಬದ ಮೇಲೆ ಕೂತಿರುವುದಿಲ್ಲ. ದಪ್ಪ ಕೇಬಲ್‌ನಿಂದ ಇಳಿಬಿಟ್ಟ ಕಂಬಿಗಳಿಗೆ ಜೋತಿರುತ್ತದೆ. ಜನ ಒಟ್ಟಿಗೆ ಹೆಜ್ಜೆ ಹಾಕಿದಾಗ ತೂಗಾಟ ಜಾಸ್ತಿ. ಪ್ರಸಾದದ ಕವರ್ ಮಾತ್ರ ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ, ಕೋತಿಗಳು ಕಾಯುತ್ತಿರುತ್ತವೆ.

ಅಮ್ಮನಿಗೆ ಇಕ್ಕಟ್ಟು ಬೇಡ ಅನ್ನಿಸಿದರೆ 2020ರಲ್ಲಿ ತೆರೆದ ಜಾನಕಿ ಸೇತು ಅಲ್ಲೇ ಹತ್ತಿರದಲ್ಲಿದೆ. ಅದೂ ತೂಗುಸೇತುವೆಯೇ, ಆದರೆ ಅಗಲವಾಗಿದೆ, ದ್ವಿಚಕ್ರ ವಾಹನಗಳಿಗೆ ಬೇರೆ ದಾರಿಯಿದೆ. ನೀರು ತಗ್ಗಿರುವ ದಿನಗಳಲ್ಲಿ ರಾಮ ಝೂಲಾ ಬಳಿ ದೋಣಿಯೂ ಸಿಗುತ್ತದೆ. ಒಂದು ಸಲ ಸೇತುವೆ ಮೇಲೆ ದಾಟಿ, ವಾಪಸ್ ದೋಣಿಯಲ್ಲಿ ಬನ್ನಿ.