ಕ್ಯಾನ್ಸರ್ ಬಂದ ಮೇಲೆ ಕಡ್ಡಿಪುಡಿ ಬಿಟ್ಟು ಏನು ಪ್ರಯೋಜನ?

ಪ್ರಶ್ನೆ: ಅಪ್ಪನಿಗೆ ಕೆನ್ನೆಯ ಒಳಗೆ ಕ್ಯಾನ್ಸರ್. ಮೊದಲು ಆಪರೇಷನ್, ಆಮೇಲೆ ರೇಡಿಯೇಷನ್ ಅಂದಿದ್ದಾರೆ. ಅವರು ಇನ್ನೂ ಕದ್ದುಮುಚ್ಚಿ ಕಡ್ಡಿಪುಡಿ ಹಾಕುತ್ತಾರೆ. ಕೇಳಿದರೆ “ಬರೋದು ಬಂದಾಯ್ತು, ಇನ್ನು ಬಿಟ್ಟರೇನು” ಅನ್ನುತ್ತಾರೆ. ಈಗ ಬಿಡಿಸಿದರೆ ಉಪಯೋಗವಿದೆಯೇ?

ಉತ್ತರ: ಇದೆ, ಬಹಳ ಇದೆ. ಕೆನ್ನೆಯ ಗಡ್ಡೆ ತೆಗೆದ ಜಾಗಕ್ಕೆ ಎಷ್ಟೋ ಸಲ ಎದೆ, ತೊಡೆ ಅಥವಾ ಮುಂಗೈಯಿಂದ ಮಾಂಸ ತಂದು ಕೂಡಿಸುತ್ತಾರೆ. ಅದು ಬದುಕುವುದು ಸಣ್ಣ ರಕ್ತನಾಳಗಳ ಮೇಲೆ. ಕಡ್ಡಿಪುಡಿಯ ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಆ ನಾಳಗಳನ್ನು ಬಿಗಿಮಾಡುತ್ತದೆ. ರಕ್ತ ಸಾಲದೆ ಗಾಯ ಬಿಟ್ಟುಕೊಳ್ಳುವ ಅಪಾಯ ಹೆಚ್ಚುತ್ತದೆ. ಆಪರೇಷನ್ನಿಗೆ ನಾಲ್ಕು ವಾರ ಮುಂಚೆ ಬಿಟ್ಟರೆ ಉತ್ತಮ. ಅಷ್ಟು ಸಮಯ ಇಲ್ಲದಿದ್ದರೆ ಆಪರೇಷನ್ ಮುಂದೂಡಬೇಡಿ, ಇವತ್ತೇ ಬಿಡಿಸಿ.

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುತ್ತದೆ. ಎರಡು-ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ. ಆ ಹುಣ್ಣಿನ ಮೇಲೆ ಹೊಗೆಸೊಪ್ಪು, ಸುಣ್ಣ ಬಿದ್ದರೆ ಗಂಜಿಯೂ ಇಳಿಯುವುದಿಲ್ಲ. ತೂಕ ಇಳಿದು, ನಿತ್ರಾಣವಾಗಿ ನಾಲ್ಕು ದಿನ ರೇಡಿಯೇಷನ್ ತಪ್ಪಿದರೆ ಚಿಕಿತ್ಸೆಯ ಬಲವೇ ಕುಗ್ಗುತ್ತದೆ. ಬೀಡಿಯೂ ಇದ್ದರೆ ಇನ್ನೊಂದು ತೊಂದರೆ: ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಬಳಿಸುತ್ತದೆ, ಆಮ್ಲಜನಕ ಕಮ್ಮಿಯಾದ ಗಡ್ಡೆಗೆ ರೇಡಿಯೇಷನ್ ಚೆನ್ನಾಗಿ ನಾಟುವುದಿಲ್ಲ. ಇಷ್ಟೆಲ್ಲ ದಾಟಿದ ಮೇಲೂ ಚಟ ಬಿಡದಿದ್ದರೆ ಅದೇ ಬಾಯಿಯ ಬೇರೆ ಜಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟುವ ಭಯ ಉಳಿದೇ ಇರುತ್ತದೆ.

“ಸರಿ, ಬರೀ ಅಡಿಕೆ ಹಾಕ್ಕೊಳ್ಳಲಿ” ಎಂದು ಮನೆಯವರೇ ರಾಜಿಯಾಗುವುದುಂಟು. ದಯವಿಟ್ಟು ಬೇಡ. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಕೆನ್ನೆಯ ಒಳಪದರವನ್ನು ನಾರುಗಟ್ಟಿಸುತ್ತದೆ. ರೇಡಿಯೇಷನ್ನಿನಿಂದ ದವಡೆ ಮೊದಲೇ ಬಿಗಿಯಾಗಿರುತ್ತದೆ. ಎರಡೂ ಸೇರಿದರೆ ತುತ್ತು ಹೋಗುವಷ್ಟೂ ಬಾಯಿ ತೆರೆಯದಂತಾಗಬಹುದು.

ಬಿಡಿಸುವ ದಾರಿ ಡಾಕ್ಟರಿಗೆ ನಿಜ ಹೇಳುವುದರಿಂದ ಶುರುವಾಗುತ್ತದೆ. ದಿನಕ್ಕೆ ಎಷ್ಟು ಪ್ಯಾಕೆಟ್, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾರಾ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕು? ಎದ್ದ ಅರ್ಧ ಗಂಟೆಯೊಳಗೇ ಬೇಕೆಂದರೆ ಚಟ ಗಟ್ಟಿಯಾಗಿದೆ ಎಂದರ್ಥ. ಬೈಗುಳದಿಂದ ಅದು ಹೋಗುವುದಿಲ್ಲ, ಔಷಧ ಬೇಕು. ಜೇಬು ತಡಕುವುದು, ಪ್ಯಾಕೆಟ್ ಕಿತ್ತೆಸೆಯುವುದು ಅವರಿಗೆ ಇನ್ನಷ್ಟು ಚೆನ್ನಾಗಿ ಬಚ್ಚಿಡುವುದನ್ನು ಕಲಿಸುತ್ತದೆ, ಅಷ್ಟೆ.

ಆ ಔಷಧಗಳಲ್ಲೊಂದಾದ ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಬರುತ್ತದೆ. ಅದನ್ನು ಬಬಲ್‌ಗಮ್ಮಿನಂತೆ ಒಂದೇ ಸಮ ಅಗಿದರೆ ನಿಕೋಟಿನ್ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಚಪಲ ಮಾತ್ರ ತೀರುವುದಿಲ್ಲ. ನಿಧಾನವಾಗಿ ಅಗಿದು, ಚುರುಚುರು ಅನ್ನುತ್ತಿದ್ದಂತೆ ಕೆನ್ನೆ-ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಕಮ್ಮಿಯಾದಾಗ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚಿನಿಂದ ಕಾಫಿ, ನಿಂಬೆ ಪಾನಕ ಬೇಡ. ಬಾಯಿ ಹುಣ್ಣಾದ ಮೇಲೆ ಗಮ್ ಆಗುವುದಿಲ್ಲ. ಆಗ ಚರ್ಮಕ್ಕೆ ಅಂಟಿಸುವ ಪ್ಯಾಚ್, ರೇಡಿಯೇಷನ್ ಬೀಳುವ ಜಾಗ ಬಿಟ್ಟು. ಎರಡರಲ್ಲೂ ನಿಕೋಟಿನ್ನೇ ಇರುವುದರಿಂದ ಆಪರೇಷನ್ನಿಗೆ ಮುಂಚೆ ಸರ್ಜನ್ನರನ್ನು ಕೇಳಿಯೇ ಬಳಸಿ.

ಮೊದಲ ಮೂರು ದಿನ ಸಿಡುಕು, ನಿದ್ದೆಗೇಡು ಜೋರು. ಒಂದೊಂದು ಸಲದ ಚಪಲ ಐದು-ಹತ್ತು ನಿಮಿಷದಲ್ಲಿ ಇಳಿಯುತ್ತದೆ. “ಹಾಕದಿದ್ದರೆ ಬೆಳಿಗ್ಗೆ ಹೊಟ್ಟೆ ಸಾಫಾಗಲ್ಲ” ಅನ್ನುವುದು ನೆಪವಲ್ಲ, ನಿಕೋಟಿನ್ ಕರುಳನ್ನು ಚುರುಕುಮಾಡುವುದು ನಿಜ. ನೋವಿಗೆ ಟ್ರಮಡಾಲ್ ಅಥವಾ ಮಾರ್ಫಿನ್ ಕೊಟ್ಟಿದ್ದರೆ ಮಲಬದ್ಧತೆ ಇನ್ನೂ ಹೆಚ್ಚು. ಮಲ ಸಡಿಲಿಸುವ ಔಷಧವನ್ನು ಮೊದಲ ದಿನವೇ ಬರೆಸಿಕೊಳ್ಳಿ. ಇದೊಂದು ಸರಿಹೋಗದೆ ಮತ್ತೆ ಪ್ಯಾಕೆಟ್ ಹಿಡಿಯುವವರಿದ್ದಾರೆ. ನಡುವೆ ಒಮ್ಮೆ ಹಾಕಿಬಿಟ್ಟರೂ ರೇಡಿಯೇಷನ್ ತಪ್ಪಿಸಬೇಡಿ. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಕುಡಿತದ ಲೆಕ್ಕ ಬೇರೆ. ಅಪ್ಪ ದಿನಾ ಹೆಚ್ಚು ಕುಡಿಯುವವರಾದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದೊಳಗೆ ಕೈನಡುಕ, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಬುದ್ಧಿ ತಪ್ಪಿ ಜೀವಕ್ಕೇ ಕುತ್ತಾಗಬಹುದು. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬುದನ್ನು ಅಡ್ಮಿಟ್ ಆಗುವ ಮುಂಚೆಯೇ ಸರ್ಜನ್ನರಿಗೂ ಅರಿವಳಿಕೆ ಕೊಡುವ ಡಾಕ್ಟರಿಗೂ ತಿಳಿಸಿ. ನಡುಕ ತಡೆಯುವ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಅವರೇ ಹಂತಹಂತವಾಗಿ ಬಿಡಿಸುತ್ತಾರೆ.